ಎದ್ದು ಹೋದ ವಾಕ್ಯಗಳು

ಬರೆಯುವುದನ್ನು ಕಲಿಸುವವರು ಮೊದಲು ತಮ್ಮ ಕೈಗಳಿಗೆ ಏನಾದರೂ ಕೆಲಸ ಹಚ್ಚಿಕೊಳ್ಳಬೇಕು. ನಾನು ಅವರೆಕಾಯಿ ಸುಲಿಯುತ್ತೇನೆ. ಅವರೆಯ ಕಾಲ ಮುಗಿದರೆ ಹುಣಸೆಹಣ್ಣಿನ ಬೀಜ ತೆಗೆಯುತ್ತೇನೆ, ಅದೂ ಇಲ್ಲದಿದ್ದರೆ ಬತ್ತಿ ಹೊಸೆಯುತ್ತೇನೆ. ಎದುರಿಗೆ ಕೂತವರು ತಡವರಿಸಿದಾಗ ಪೆನ್ನು ಕಿತ್ತುಕೊಂಡು, ಕೊಡು ಇಲ್ಲಿ, ಹೀಗೆ ಬರಿ ಎಂದು ತೋರಿಸಿಬಿಡುವ ಚಪಲ ನನ್ನಂಥ ಬಿ.ಎ. ಓದಿದವರ ಬೆರಳುಗಳಲ್ಲಿ ಸದಾ ಇರುತ್ತದೆ. ಬೇರೆ ಊರುಗಳಲ್ಲಿ ಅದರಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ನಮ್ಮೂರಿನಲ್ಲಿ ಮರುದಿನ ಬೆಳಿಗ್ಗೆಯೇ ಕಾಣುತ್ತದೆ.

ನಮ್ಮಲ್ಲಿ ಕೈಯಿಂದ ಬರೆದ ವಾಕ್ಯ ಬರೆದವರದೇ ಆಗಿದ್ದರೆ ಹಾಳೆಯ ಮೇಲೆ ಕೂರುತ್ತದೆ. ಬೇರೆಯವರದಾಗಿದ್ದರೆ ಬೆಳಗಾಗುವುದರೊಳಗೆ ಎದ್ದು ಹೋಗುತ್ತದೆ. ಹೋದ ಜಾಗದಲ್ಲಿ ನಿಬ್ಬಿನ ಗೀರು ಕೂಡ ಉಳಿಯುವುದಿಲ್ಲ. ಇದನ್ನು ಯಾರೂ ದೊಡ್ಡ ಸಂಗತಿ ಮಾಡಿಕೊಂಡಿಲ್ಲ. ಸಾಮಾನಿನ ಚೀಟಿಗೆ, ಹೆಸರಿಗೆ, ವಿಳಾಸಕ್ಕೆ ತೊಂದರೆಯಿಲ್ಲ, ಅವು ವಾಕ್ಯಗಳಲ್ಲ. ಕಾಗುಣಿತದ ತಪ್ಪು ತಿದ್ದಿದರೂ ವಾಕ್ಯ ಕದಲುವುದಿಲ್ಲ. ಮದುವೆಯ ಕರೆಯೋಲೆಯನ್ನು ಅಚ್ಚು ಹಾಕಿಸುತ್ತೇವೆ, ಅಚ್ಚಿಗೆ ಈ ಕಾಟ ಇಲ್ಲ. ಶಾಲೆಯ ಮೇಷ್ಟ್ರು ಪರೀಕ್ಷೆಯ ಉತ್ತರಗಳನ್ನು ಅದೇ ದಿನ ತಿದ್ದುವುದಿಲ್ಲ, ಒಂದು ರಾತ್ರಿ ಕಳೆಯಲು ಬಿಟ್ಟು, ಉಳಿದಷ್ಟಕ್ಕೆ ಅಂಕ ಕೊಡುತ್ತಾರೆ. ಪ್ರೇಮಪತ್ರ ಬಂದ ಹುಡುಗಿ ಅದನ್ನು ತಲೆದಿಂಬಿನ ಕೆಳಗಿಟ್ಟು ಮಲಗಿ ಬೆಳಿಗ್ಗೆ ಓದುತ್ತಾಳೆ. ಈ ಊರಿನ ಎಷ್ಟೋ ಮದುವೆಗಳು 'ಇಂತಿ' ಎಂಬ ಪದ ಮತ್ತು ಅದರ ಕೆಳಗಿನ ಒಂದು ಹೆಸರಿನ ಮೇಲೆಯೇ ನಿಂತಿವೆ.

ತಕರಾರುಗಳು ಚಾವಡಿಗೆ ಹೋಗುತ್ತವೆ. ಅಲ್ಲಿ ಗುಮಾಸ್ತರ ಎದುರಿಗೆ ಕೂತು ಹೇಳಿಕೆಯನ್ನು ಸ್ವಂತ ಕೈಯಿಂದ ಬರೆಯಬೇಕು. ಹಾಳೆಯನ್ನು ಸಂಜೆ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ಬೆಳಿಗ್ಗೆ ಊರ ಯಜಮಾನರು ಅದರಲ್ಲಿ ಉಳಿದದ್ದನ್ನು ಓದಿ ತೀರ್ಮಾನ ಹೇಳುತ್ತಾರೆ. ಒಂದು ತಕರಾರಿಗೆ ಒಬ್ಬರಿಂದ ಒಂದೇ ಹೇಳಿಕೆ. ಎದ್ದು ಹೋದ ಮಾತು ಆಡದೇ ಇದ್ದ ಮಾತು. ಇದಕ್ಕಿಂತ ನ್ಯಾಯವಾದ ಏರ್ಪಾಡು ಯಾವ ಊರಿನಲ್ಲೂ ಇಲ್ಲವೆಂದು ನಮ್ಮವರು ಬೀಗುತ್ತಾರೆ. ಸುಳ್ಳು ಕೂಡ ಸ್ವಂತದ್ದಾಗಿದ್ದರೆ ಚೆನ್ನಾಗಿಯೇ ಕೂರುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲ ಎಂದಲ್ಲ.

ಚಾವಡಿಗೆ ಹೋಗುವವರು ಮೊದಲು ನನ್ನ ಜಗುಲಿಗೆ ಬರುತ್ತಾರೆ. ಸಣ್ಣತಾಯಿ ಬಂದದ್ದೂ ಹಾಗೆಯೇ. ಕಡ್ಲೆಪುರಿ ಭಟ್ಟಿಯಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯುವ ಹೆಂಗಸು. ಗಂಡ ಜವರಪ್ಪ ಸೈಕಲ್ ಶಾಪಿನವನು. ಅವಳನ್ನು ಬಿಟ್ಟು ಇನ್ನೊಬ್ಬಳನ್ನು ತಂದುಕೊಂಡು ಕೆಲವು ವರ್ಷಗಳಾಗಿದ್ದವು. ಆ ಮನೆಯಲ್ಲಿ ಮಕ್ಕಳಾಗಲಿಲ್ಲ. ಈಗ ಅವನು ಸಣ್ಣತಾಯಿಯ ಹತ್ತಿರವಿದ್ದ ಏಳು ವರ್ಷದ ಮಗಳು ಕೆಂಪಿ ತನಗೆ ಬೇಕೆಂದು ಚಾವಡಿಯಲ್ಲಿ ಹೇಳಿಕೆ ಕೊಟ್ಟಿದ್ದ. ತೀರ್ಮಾನ ಆಗುವವರೆಗೆ ಮಗು ಭಾನುವಾರದ ದಿನ ಅಪ್ಪನ ಮನೆಗೆ ಹೋಗಿ ಬರಬೇಕೆಂದು ಯಜಮಾನರು ಕಟ್ಟು ಮಾಡಿದ್ದರು.

"ಟೀಚರಮ್ಮ, ನಂಗೆ ಅಕ್ಸರ ಬತ್ತವೆ. ಮಾತು ಬರಾಕಿಲ್ಲ. ನೀವೇ ಹೇಳಿ, ನಾನು ಬರ್ಕತೀನಿ" ಎಂದಳು ಮೊದಲ ದಿನ.

"ನಾನು ಹೇಳಿದ್ರೆ ಬೆಳಿಗ್ಗೆ ಬಿಳಿ ಹಾಳೆ ತಗೊಂಡು ಹೋಗ್ತೀಯ ಕಣೇ."

"ಒಂದೆರಡು ಮಾತು?"

"ಒಂದೆರಡು ಮಾತು ಆಡೋಕೆ ಬರದೇ ಇರೋಳು ಭಟ್ಟಿ ಬೀದಿಯೋರ ಬಾಯನ್ನೆಲ್ಲ ಹೇಗೆ ಮುಚ್ಚಿಸ್ತೀಯ?"

ಅವಳು ನಕ್ಕಳು. ನಕ್ಕಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಟ್ಟಿಯ ಹೊಗೆಗೆ ಅವಳ ಹುಬ್ಬು ಕಂದಿ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಕೆಂಪಿ ನನ್ನ ಮೊರದಿಂದ ಒಂದು ಕಾಯಿ ಎತ್ತಿಕೊಂಡು ಸುಲಿದು, ಕಾಳನ್ನು ನನ್ನ ಪಾತ್ರೆಗೂ ಸಿಪ್ಪೆಯನ್ನು ತನ್ನ ಉಡಿಗೂ ಹಾಕಿಕೊಂಡಿತು. "ಅಜ್ಜಿ, ಸಿಪ್ಪೆ ನಮ್ಮ ಮ್ಯಾಕೆಗೆ" ಎಂದಿತು.

ಸಣ್ಣತಾಯಿ ಮೊದಲು ಬರೆದದ್ದು "ಮಾನ್ಯರೇ, ತಾಯಿಯೆಂಬುವಳು ದೇವರಿಗೆ ಸಮಾನಳು." ಯಾವುದೋ ಭಾಷಣದಲ್ಲಿ ಕೇಳಿದ್ದಳು. ಎದ್ದು ಹೋಗುವ ವಾಕ್ಯವನ್ನು ನಾನು ಹೊಡೆದು ಹಾಕುವುದಿಲ್ಲ. ಬರೆದವರೇ ಬೆಳಿಗ್ಗೆ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. ಮರುದಿನ ಖಾಲಿ ಹಾಳೆ ತಂದಳು. ಆಮೇಲೆ "ನನ್ನ ಮಗಳು ನನ್ನ ಪ್ರಾಣ" ಎಂದು ಬರೆದಳು. ಅದೂ ಹೋಯಿತು. ಆಗ ಅವಳು ಅತ್ತಳು. "ಅದೂ ಸುಳ್ಳೇ ಹಂಗಾರೆ? ನನ್ನ ಪ್ರಾಣ ಅಲ್ವಾ ಅದು?"

"ಸುಳ್ಳಲ್ಲ. ಎಲ್ಲರೂ ಆಡಿ ಆಡಿ ಸವೆಸಿದ ಮಾತು. ನೀನಿನ್ನೂ ಅದನ್ನ ನಿನ್ನದು ಮಾಡ್ಕೊಂಡಿಲ್ಲ, ಅಷ್ಟೆ" ಎಂದೆ. "ಅದಿರಲಿ. ನಿನ್ನೆ ಕೆಂಪಿ ಏನು ಮಾಡಿದಳು?"

"ಏನ್ ಮಾಡ್ತದೆ? ಇಸ್ಕೂಲಿಂದ ಭಟ್ಟಿಗೇ ಬಂತು. ಬಿಸಿ ಪುರಿ ಉಡೀಲಿ ತುಂಬ್ಕತು. ಮಲಗೋವಾಗ ನನ್ನ ಬೆರಳು ಹಿಡ್ಕಂತು. ದಿನಾ ಹಂಗೇ. ಬೆರಳಲ್ಲಿ ಮರಳಿನ ವಾಸನೆ ಇಲ್ದಿದ್ರೆ ನಿದ್ದೆ ಮಾಡಾಕಿಲ್ಲ ಅದು. ಹಬ್ಬದ ದಿನ ಎಣ್ಣೆ ನೀರು ಹಾಕ್ಕಂಡ್ರೆ ನಂಗೆ ಬೈತದೆ."

ನಾನು ಸುಲಿಯುವುದನ್ನು ನಿಲ್ಲಿಸಿದೆ. "ಈಗ ಆಡಿದ್ದನ್ನೇ ಬರಿ."

"ಇದನ್ನಾ? ಇದನ್ನೆಲ್ಲ ಚಾವಡೀಲಿ ಓದ್ತಾರಾ?"

"ಬರಿ."

ಬರೆದಳು. ಬರೆಯುವಾಗ ಅವಳ ತುಟಿ ಅಲುಗುತ್ತಿತ್ತು, ಬೆರಳುಗಳು ಪೆನ್ನನ್ನು ಸೌಟಿನಂತೆ ಹಿಡಿದಿದ್ದವು. ಮರುದಿನ ಮಧ್ಯಾಹ್ನ ಓಡುತ್ತಾ ಬಂದು ಹಾಳೆಯನ್ನು ನನ್ನ ಮೊರದ ಮೇಲೆಯೇ ಇಟ್ಟಳು. "ಕೂತದೆ ಟೀಚರಮ್ಮ! ಎಲ್ಲಾ ಕೂತದೆ!" ಹಿಂದೆ ಕೆಂಪಿ ಪುರಿಯ ಪೊಟ್ಟಣ ಹಿಡಿದು ನಿಂತಿತ್ತು. ಭಟ್ಟಿಯ ಮಾಲೀಕರು ಖಾಸಿಂ ಸಾಬರು ಕಳಿಸಿದ್ದು. ಅವಳು ನನ್ನಲ್ಲಿಗೆ ಬರುವ ಹೊತ್ತಿನಲ್ಲಿ ಅವರೇ ಒಲೆಯ ಮುಂದೆ ಕೂರುತ್ತಿದ್ದರೆಂದು ಆಮೇಲೆ ಯಾರೋ ಹೇಳಿದರು. ಅವರ ಕಣ್ಣಿಗೆ ಹೊಗೆ ಆಗುವುದಿಲ್ಲ, ಡಾಕ್ಟರು ಬೇಡ ಎಂದಿದ್ದರಂತೆ.

ಕೂತ ಹಾಳೆಯನ್ನು ನಾನು ಓದಿದೆ. "ಕೆಂಪಿ ನನ್ನ ಮಗಳು. ಅದು ಇಸ್ಕೂಲು ಬಿಟ್ಟ ಮೇಲೆ ಭಟ್ಟಿಗೆ ಬರುತ್ತದೆ. ಅದು ನನ್ನ ಬೆರಳು ಹಿಡಿದು ಮಲಗುತ್ತದೆ." ಸಾಲಿಗೊಂದು 'ಅದು'. ನಮ್ಮ ಕಡೆ ಮನೆಗಳಲ್ಲಿ ಮಗುವನ್ನು, ಅಜ್ಜಿಯನ್ನು, ಕೆಲವರು ಹೆತ್ತ ತಾಯಿಯನ್ನೂ ಹಾಗೆಯೇ ಅನ್ನುತ್ತಾರೆ. ಅವ್ವ ಬಂತು, ಕೂಸು ಉಂಡಿತು. ಪುಸ್ತಕದಲ್ಲಿ ಹಾಗಿಲ್ಲ. ನನ್ನ ಬೆರಳಿನ ಚಪಲ ಕೆರಳಿತು. ಅವರೆಕಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬರೀ ಕೇಳಿದೆ. "ಕೆಂಪಿಯನ್ನ 'ಅವಳು' ಅಂತ ಯಾವಾಗಾದ್ರೂ ಅಂತೀಯಾ?"

ಅವಳಿಗೆ ಆಶ್ಚರ್ಯವಾಯಿತು. "ಅವ್ಳು ಅನ್ನಾಕೆ ಅದೇನು ಪಕ್ಕದ ಮನೆಯೋಳಾ? ಅವ್ಳು ಅಂದ್ರೆ ಬ್ಯಾರೆಯೋರ ಮಗಳಂಗಾಯ್ತದೆ ಟೀಚರಮ್ಮ."

ಅಷ್ಟು ಸಾಕಾಗಿತ್ತು. ಕಲಿಸುವವರು ಕೇಳಬೇಕು, ಉತ್ತರ ಬಂದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು.

ದಿನಾ ಒಂದೇ ವಿಷಯ ಹಿಡಿದೆವು. ಬರೆದದ್ದನ್ನು ಅವಳೇ ಗಟ್ಟಿಯಾಗಿ ಓದಬೇಕು. ಎಲ್ಲಿ ಉಸಿರು ಕಟ್ಟಿತೋ ಅಲ್ಲಿ ಅವಳೇ ನಿಂತು, "ಇಲ್ಲಿ ಏನೋ ಸರಿಯಿಲ್ಲ ಅಲ್ವಾ?" ಎನ್ನುವಳು. ನಾನು "ಎಲ್ಲಿ?" ಎನ್ನುವೆ. ಚೆನ್ನಾಗಿದ್ದ ವಾಕ್ಯವನ್ನು ಮಾತ್ರ ತಪ್ಪದೆ ತೋರಿಸಿ ಚೆನ್ನಾಗಿದೆ ಎನ್ನುವೆ, ಯಾಕೆ ಚೆನ್ನಾಗಿದೆ ಎಂದೂ ಹೇಳುವೆ. ಅವಳನ್ನು ಹೊಗಳುವವರು ಯಾರೂ ಇರಲಿಲ್ಲ. ಮೊದಲ ಸಲ ಹೇಳಿದಾಗ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದಳು.

ಒಂದು ಸೋಮವಾರ ಬಂದವಳು ಹಾಳೆ ತೆಗೆಯಲಿಲ್ಲ. ನಾನು ಕಾದೆ. ಕಾಯುವುದೂ ಕಲಿಸುವವರ ಕೆಲಸವೇ. ಕೆಂಪಿ ಜೊತೆಗೆ ಹಿಡಿದು ತಂದಿದ್ದ ಮೇಕೆಗೆ ಅಂಗಳದಲ್ಲಿ ಸಿಪ್ಪೆ ಹಾಕುತ್ತಿತ್ತು.

"ನಿನ್ನೆ ಅಪ್ಪನ ಮನೆಯಿಂದ ಬಂತು" ಎಂದಳು ಮೆತ್ತಗೆ. "ತಟ್ಟೆ ಮುಂದೆ ಕುಂತು, 'ಅವ್ವಾ, ಉಣ್ಲಾ?' ಅಂತು. ಮುಂಚೆ ಎಂದೂ ಹಂಗೆ ಕೇಳ್ತಿರ್ಲಿಲ್ಲ. ಭಾನುವಾರ ಭಾನುವಾರ ಹಂಗೇ ಕೇಳ್ತದೆ ಈಗ. ಬುಧವಾರದ ಹೊತ್ಗೆ ಸರಿ ಹೋಗ್ತದೆ."

ಆ ದಿನ ಅವಳು ಬರೆದ ವಾಕ್ಯ ಹೀಗಿತ್ತು. "ಅಪ್ಪನ ಮನೆಯಿಂದ ಬಂದ ದಿನ ಅದು ತಟ್ಟೆಯ ಮುಂದೆ ಕೂತು ಉಣ್ಣಲಾ ಎಂದು ಕೇಳುತ್ತದೆ." ಹೆಚ್ಚುಕಡಿಮೆ ನಲವತ್ತು ವರ್ಷ ಈ ಕೆಲಸ ಮಾಡಿದ ನಾನು ಇಷ್ಟು ಗಟ್ಟಿಯಾಗಿ ಕೂತ ವಾಕ್ಯವನ್ನು ನೋಡಿಲ್ಲ. ಇದನ್ನು ಓದಿದ ಯಾವ ಯಜಮಾನನೂ ಆ ಮಗುವನ್ನು ಸೈಕಲ್ ಶಾಪಿನವನಿಗೆ ಕೊಡಲಾರ ಎಂದುಕೊಂಡೆ.

ಚಾವಡಿಯಲ್ಲಿ ಬರೆಯುವ ದಿನ ಕಲಿಸಿದವರು ಒಳಗೆ ಹೋಗುವಂತಿಲ್ಲ. ನಾನು ಬೀದಿಯ ಆಚೆ ಹೂ ಕಟ್ಟುವವಳ ಪಕ್ಕದಲ್ಲಿ ಕೂತಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಸಣ್ಣತಾಯಿಯೂ ಹೇಳಿದಳು, ಗುಮಾಸ್ತ ಅಶ್ವತ್ಥಯ್ಯನೂ ಹೇಳಿದ. ಇಬ್ಬರು ಹೇಳಿದ್ದೂ ಒಂದೇ.

ಅಶ್ವತ್ಥಯ್ಯ ಒಳ್ಳೆಯ ಮನುಷ್ಯ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಚಾವಡಿಗೆ ಬಂದ ಹೆಂಗಸರನ್ನು ನಿಲ್ಲಿಸಿಯೇ ಇಡದೆ ಕೂರಿಸಿ ಮಾತಾಡಿಸುವ ಗುಮಾಸ್ತ ಅವನೊಬ್ಬನೇ. ಸಣ್ಣತಾಯಿಗೆ ಬೆಂಚು ತೋರಿಸಿದ, ಚೊಂಬಿನಲ್ಲಿ ನೀರು ಕೊಟ್ಟ, ಬಿಸಿಲು ಹಾಳೆಯ ಮೇಲೆ ಬೀಳದಂತೆ ಕಿಟಕಿಯ ಬಾಗಿಲನ್ನು ಅರ್ಧ ಸರಿಸಿದ. ಅವಳು ಬರೆದು ಮುಗಿಸಿದ ಮೇಲೆ ಸಹಿ ಇದೆಯೋ ನೋಡಲು ಹಾಳೆ ತೆಗೆದುಕೊಂಡವನು ಓದುತ್ತಾ ನಿಂತ. ಅವನ ಕಣ್ಣು ಒದ್ದೆಯಾಯಿತು ಎಂದು ಸಣ್ಣತಾಯಿ ಹೇಳಿದಳು.

"ತಾಯಿ, ತುಂಬ ಚೆನ್ನಾಗಿ ಬರೆದಿದೀರಿ. ಒಂದೇ ಒಂದು" ಎಂದನಂತೆ. "ಹೆಣ್ಣುಮಗುವನ್ನ 'ಅದು' ಅಂತ ಬರೆದಿದೀರಿ. ದನಕ್ಕೆ ಅಂದ ಹಾಗೆ ಅಂತ ದೊಡ್ಡವರು ನಗ್ತಾರೆ. ನಿಮ್ಮನ್ನ ನೋಡಿ ಅವರು ನಗೋದು ನಂಗೆ ಇಷ್ಟ ಇಲ್ಲ. 'ಅವಳು' ಅಂತ ಮಾಡಿ. ಬರುತ್ತಾಳೆ, ಮಲಗುತ್ತಾಳೆ, ಕೇಳುತ್ತಾಳೆ. ಬರೀ ವ್ಯಾಕರಣ, ಕಾಗುಣಿತ ತಿದ್ದಿದ ಹಾಗೆ. ಏನೂ ಆಗಲ್ಲ."

ಅವನು ಪೆನ್ನು ಮುಟ್ಟಲಿಲ್ಲ, ತನ್ನ ಮೇಜಿನಿಂದ ಹೊಸ ಹಾಳೆ ತೆಗೆದು ಕೊಟ್ಟ, ಅಷ್ಟೆ. ಪೆನ್ನು ಯಾರಿಗೂ ಕೊಡಬೇಡವೆಂದು ನಾನು ಅವಳಿಗೆ ಹೇಳಿಯೇ ಇದ್ದೆ, ಅವಳೂ ಕೊಡಲಿಲ್ಲ. ಬೈಯುವವರಿಗೆ ಎದುರು ನಿಲ್ಲುವುದನ್ನು ಅವಳು ಬದುಕಿನಲ್ಲಿ ಕಲಿತಿದ್ದಳು. ನೀರು ಕೊಟ್ಟು, ತಾಯಿ ಎಂದು ಕರೆದು, ಮೆತ್ತಗೆ ಹೇಳುವವರಿಗೆ ಒಲ್ಲೆ ಎನ್ನುವ ಸಂದರ್ಭ ಅವಳಿಗೆ ಎಂದೂ ಬಂದಿರಲಿಲ್ಲ. ಕೂತು ಪೂರ್ತಿ ಹಾಳೆಯನ್ನು ಮತ್ತೆ ಬರೆದು, ಮೊದಲಿನದನ್ನು ಹರಿದು ಹಾಕಿದಳು. ಅಕ್ಷರ ಮೊದಲಿಗಿಂತ ದುಂಡಾಗಿ ಬಂತಂತೆ.

ಹೊರಗೆ ಬಂದಾಗ ಮುಖ ಬೆಳಗುತ್ತಿತ್ತು. "ಒಳ್ಳೇ ಮನುಸ ಕಣ್ರವ್ವ ಗುಮಾಸ್ತರು" ಎಂದಳು. "ಓದಿ ಕಣ್ಣೀರು ಹಾಕ್ಕಂಡ್ರು." ಹೂವಿನವಳು ಒಂದು ಮೊಳ ಕನಕಾಂಬರ ಕತ್ತರಿಸಿ ಕೆಂಪಿಯ ಜಡೆಗೆ ಸಿಕ್ಕಿಸಿದಳು, ದುಡ್ಡು ಬೇಡವೆಂದಳು. ಆ ಸಂಜೆ ಎಲ್ಲರೂ ಒಳ್ಳೆಯವರಾಗಿದ್ದರು.

ಬೆಳಿಗ್ಗೆ ಚಾವಡಿಯಲ್ಲಿ ಜನ ಸೇರಿತ್ತು. ಜವರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲು ಅವನ ಹೇಳಿಕೆ ಓದಿದರು. "ನನ್ನ ಮಗಳು ಭಟ್ಟಿಯ ಹೊಗೆಯಲ್ಲಿ ಬೆಳೆಯುವುದನ್ನು ನೋಡಿದರೆ ನನ್ನ ಕರುಳು ಕಿತ್ತು ಬರುತ್ತದೆ." ಆ ಮಾತನ್ನು ಅವನು ವರ್ಷವಿಡೀ ಟೀ ಅಂಗಡಿಯಲ್ಲಿ, ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ, ಬಂದವರಿಗೆಲ್ಲ ಹೇಳಿದ್ದ. ಹೇಳಿ ಹೇಳಿ ಅದು ಅವನದೇ ಆಗಿ ಹೋಗಿತ್ತು. ಒಂದು ಅಕ್ಷರವೂ ಕದಲಿರಲಿಲ್ಲ.

ಆಮೇಲೆ ಯಜಮಾನರು ಸಣ್ಣತಾಯಿಯ ಹಾಳೆ ತೆಗೆದರು. ತಿರುಗಿಸಿ ನೋಡಿದರು. ಓದಿದರು. "ನನ್ನ ಹೆಸರು ಸಣ್ಣತಾಯಿ. ನಾನು ಪುರಿ ಭಟ್ಟಿಯಲ್ಲಿ ಮರಳು ಕಾಯಿಸುತ್ತೇನೆ. ಕೆಂಪಿ ನನ್ನ ಮಗಳು." ನಿಲ್ಲಿಸಿದರು.

"ಮುಂದಕ್ಕೆ ಓದಿ ಬುದ್ಧಿ" ಎಂದಳು ಸಣ್ಣತಾಯಿ.

"ಮುಂದೇನಿದೆ? ಇಷ್ಟೇ ಇರೋದು." ಹಾಳೆಯನ್ನು ಜನರ ಕಡೆ ತಿರುಗಿಸಿ ಹಿಡಿದರು. ಮೇಲೆ ಮೂರು ಸಾಲು, ಕೆಳಗೆ ಬಿಳುಪು. "ಮಗು ವಿಚಾರ ಒಂದು ಮಾತೂ ಇಲ್ವಲ್ಲಮ್ಮ. ಇನ್ಯಾರ ಹತ್ರ ಬರೆಸ್ಕೊಂಡು ಬಂದಿದ್ದೆ?"

ಯಾರೋ ಹಿಂದಿನಿಂದ ನಕ್ಕರು. "ಟೀಚರಮ್ಮನ ಪಾಠ ಜೋರಾಗಿದೆ" ಎಂದ ಒಬ್ಬ.

ನಾನು ನನ್ನ ಚೀಲದಿಂದ ಜಗುಲಿಯಲ್ಲಿ ಬರೆದ ಅವಳ ಹಾಳೆ ತೆಗೆದುಕೊಂಡು ಮುಂದೆ ಹೋದೆ. ಅದು ಎಷ್ಟೋ ರಾತ್ರಿಗಳನ್ನು ಕಳೆದು ಕೂತಿತ್ತು. ಯಜಮಾನರು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ತೆಗೆದುಕೊಂಡರು. ಎರಡು ಸಾಲು ಓದುವಷ್ಟರಲ್ಲಿ ಅವರ ಮೀಸೆ ಅಲುಗಿತು. "ಅದು ಬರುತ್ತದೆ, ಅದು ಮಲಗುತ್ತದೆ. ಏನು ಟೀಚರಮ್ಮ, ಇದು ಮಗುವೋ ಮೇಕೆಮರಿಯೋ?" ಈ ಸಲ ಎಲ್ಲರೂ ನಕ್ಕರು. ಅಶ್ವತ್ಥಯ್ಯ ಹೆದರಿದ್ದು ಇದೇ ನಗೆಗೆ. ಆ ವಿಷಯದಲ್ಲಿ ಅವನು ತಪ್ಪಿರಲಿಲ್ಲ.

"ಮನೇಲಿ ಬರೆದದ್ದು ಲೆಕ್ಕಕ್ಕಿಲ್ಲ, ನಿಮಗೆ ಗೊತ್ತಿರೋದೇ" ಎಂದು ಹಾಳೆ ವಾಪಸು ಕೊಟ್ಟರು.

ಆಗ ಅಶ್ವತ್ಥಯ್ಯ ಮೇಜಿನ ಹಿಂದಿನಿಂದ ಎದ್ದು ನಿಂತ. "ಸ್ವಾಮಿ, ಅದನ್ನ ಬದಲಾಯಿಸಿ ಅಂದವನು ನಾನು. ತಪ್ಪು ನನ್ನದು."

"ನೀನು ಬರೆದೆಯೇನಯ್ಯಾ?"

"ಇಲ್ಲ ಸ್ವಾಮಿ."

"ಅವಳ ಕೈ ಹಿಡಿದು ಬರೆಸಿದೆಯಾ?"

"ಇಲ್ಲ."

"ಹೆದರಿಸಿದೆಯಾ?"

"ಇಲ್ಲ ಸ್ವಾಮಿ. ಒಳ್ಳೇದಕ್ಕೆ ಅಂತ."

"ಹಾಗಿದ್ದರೆ ಬರೆದವಳು ಅವಳೇ. ಕೂರದೇ ಇದ್ದದ್ದೂ ಅವಳದೇ. ನೀನು ಕೂತ್ಕೋ."

ಅವನು ಕೂತ. ಅಷ್ಟು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ನನಗೆ ಗೊತ್ತು. ಆ ಧೈರ್ಯ ಯಾರ ಉಪಯೋಗಕ್ಕೂ ಬರಲಿಲ್ಲ.

ಮಗು ಅಪ್ಪನಿಗೆ ಎಂದು ತೀರ್ಮಾನವಾಯಿತು. ಜವರಪ್ಪ ಹೊರಗೆ ನಿಂತಿದ್ದ ಮಗುವಿನ ಕೈ ಹಿಡಿದುಕೊಂಡ. ಜಡೆಯಲ್ಲಿ ಹಿಂದಿನ ದಿನದ ಕನಕಾಂಬರ ಇನ್ನೂ ಇತ್ತು. ಕೆಂಪಿ ಅಳಲಿಲ್ಲ. ತಾಯಿಯ ಕಡೆಗೆ ತಿರುಗಿ, "ಅವ್ವಾ, ಹೋಗ್ಲಾ?" ಎಂದು ಕೇಳಿತು. ಸಣ್ಣತಾಯಿ ಹೂಂ ಎಂದಳು. ಬೇರೆ ಏನೆನ್ನಬೇಕು?

ತಾಯಿಯಾದವಳು ಒಂದು ವರ್ಷ ಮಗುವನ್ನು ಕಾಣಬಾರದು, ಮಗು ಹೊಸ ಮನೆಗೆ ಹೊಂದಿಕೊಳ್ಳಲಿ ಎಂದು ತೀರ್ಮಾನದ ಕೊನೆಯಲ್ಲಿತ್ತು. ಮಗುವಿನ ಒಳ್ಳೆಯದಕ್ಕೇ ಎಂದರು. ನಮ್ಮೂರಿನಲ್ಲಿ ಒಳ್ಳೆಯದಕ್ಕೆ ಕೊರತೆಯಿಲ್ಲ.

ಆ ದಿನಗಳಲ್ಲಿ ಸಣ್ಣತಾಯಿ ನನ್ನ ಬೀದಿಗೆ ಬರಲಿಲ್ಲ. ಖಾಸಿಂ ಸಾಬರು ಮಾತ್ರ ಒಂದು ಸಲ ಸಿಕ್ಕಿ, "ಕೆಲಸಕ್ಕೆ ಬರ್ತಾಳಮ್ಮ. ಊಟದ ಡಬ್ಬಿ ತರಲ್ಲ. ನಮ್ಮ ಮನೆಯಿಂದ ತರಿಸಿ ಮುಂದೆ ಇಡ್ತೀನಿ, ಅರ್ಧ ತಿಂತಾಳೆ" ಎಂದರು. ಅಶ್ವತ್ಥಯ್ಯ ಒಂದು ಸಂಜೆ ಬಂದು ಜಗುಲಿಯ ತುದಿಯಲ್ಲಿ ಕೂತ. ನಾನು ಕಾಫಿ ಕೊಟ್ಟೆ, ಕುಡಿದು ಎದ್ದು ಹೋದ. ಅವನನ್ನು ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತುಗಳು ಅವನ ಮುಖ ನೋಡಿದ ಮೇಲೆ ಬಾಯಿಗೆ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟಿದೆ.

ಮತ್ತೆ ಅವರೆಯ ಕಾಲ ಬಂದಾಗ ಒಂದು ಮಧ್ಯಾಹ್ನ ಸಣ್ಣತಾಯಿ ಬಂದಳು. ಒಬ್ಬಳೇ. ತೆಳ್ಳಗಾಗಿದ್ದಳು. ಜಗುಲಿಯಲ್ಲಿ ತನ್ನ ಹಳೆಯ ಜಾಗದಲ್ಲೇ ಕೂತು, ಅಭ್ಯಾಸಬಲದಿಂದ ಒಂದು ಹಿಡಿ ಸಿಪ್ಪೆಯನ್ನು ಉಡಿಗೆ ಹಾಕಿಕೊಂಡಳು. ಆಮೇಲೆ ನೆನಪಾಗಿ ಮೊರಕ್ಕೆ ವಾಪಸು ಸುರಿದಳು.

"ಮೇಕೆ?" ಎಂದೆ.

"ಮಾರ್ಬುಟ್ಟೆ ಟೀಚರಮ್ಮ. ಅದಕ್ಕೆ ಸೊಪ್ಪು ಹಾಕೋರಿಲ್ಲ."

ನಾನು ಮೊರವನ್ನು ಅವಳ ಕಡೆ ಸರಿಸಿದೆ.

"ಮೊನ್ನೆ ಕೆಂಪೀನ ನೋಡ್ಕಂಡು ಬಂದೆ. ವರ್ಷ ಆಯ್ತಲ್ಲ" ಎಂದಳು. "ಬಾಗಿಲಲ್ಲೇ ನಿಂತಿದ್ಲು. ರಿಬ್ಬನ್ ಹಾಕವ್ರೆ. ಮೈ ಕೈ ತುಂಬ್ಕಂಡದೆ, ಸುಳ್ಳು ಯಾಕೆ ಹೇಳ್ಲಿ. ಪೆನ್ನು ಕೊಡಿ. ಬರೀಬೇಕು."

"ಚಾವಡಿಗಾ?"

"ಯಾವ ಚಾವಡಿ? ಸುಮ್ನೆ. ಅಭ್ಯಾಸ ಆಗೋಗದೆ."

ಪೆನ್ನು ಕೊಟ್ಟು ನಾನು ಕಾಯಿಗೆ ಕೈ ಹಾಕಿದೆ. ಅವಳು ತುಟಿ ಅಲುಗಿಸದೆ ಬರೆದಳು. ಒಂದೇ ವಾಕ್ಯ. ಗಟ್ಟಿಯಾಗಿ ಓದು ಎಂದು ನಾನು ಹೇಳಲಿಲ್ಲ, ಅವಳೂ ಓದಲಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿದಳು.

"ನಾನು ಹೋದಾಗ ಅವಳು ನನ್ನನ್ನು ನೋಡಿ ಬನ್ನಿ, ಕೂತುಕೊಳ್ಳಿ ಎಂದಳು."

"ಸರಿಯಾಗಿ ಬರ್ದಿದೀನಾ? ಗುಮಾಸ್ತರು ಹೇಳ್ದಂಗೇ ಬರ್ದಿದೀನಿ" ಎಂದಳು.

ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಹಾಗೆಂದು ಹೇಳಿದೆ. ಅವಳು ತಲೆಯಾಡಿಸಿದಳು. "ನಿಮ್ಮತ್ರಾನೇ ಇರ್ಲಿ. ಬೆಳಿಗ್ಗೆ ನೋಡಿ. ನಂಗೆ ಹೇಳ್ಬೇಡಿ" ಎಂದು ಭಟ್ಟಿಗೆ ಹೊತ್ತಾಯಿತೆಂದು ಎದ್ದಳು. ಹೋಗುವಾಗ ಮೊರದ ಬಳಿ ಚೆಲ್ಲಿದ್ದ ನಾಲ್ಕು ಕಾಳು ಆರಿಸಿ ನನ್ನ ಪಾತ್ರೆಗೆ ಹಾಕಿದಳು.

ಹಾಳೆಯನ್ನು ದೇವರ ಗೂಡಿನಲ್ಲಿ ಇಟ್ಟೆ. ಈ ಕೆಲಸ ಹಿಡಿದಂದಿನಿಂದ ಎದುರಿಗೆ ಕೂತವರ ವಾಕ್ಯ ಕೂರಲಿ ಎಂದೇ ಬೇಡಿಕೊಂಡವಳು ನಾನು. ಅಂದು ಮೊದಲ ಸಲ ಒಂದು ವಾಕ್ಯ ಎದ್ದು ಹೋಗಲಿ ಎಂದು ಕೈಮುಗಿದೆ. ಅದು ಗುಮಾಸ್ತನದು, ಯಜಮಾನರದು, ವ್ಯಾಕರಣದ ಪುಸ್ತಕದ್ದು, ಯಾರದಾದರೂ ಆಗಲಿ, ಅವಳದು ಮಾತ್ರ ಆಗದಿರಲಿ ಎಂದೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲೇ ಹಾಳೆ ತೆಗೆದು ನೋಡಿದೆ. ಇದ್ದ ಹಾಗೆಯೇ ಕೂತಿತ್ತು.